ಕೀಲುನೋವೂ ಥೈರಾಯ್ಡೂ: ನಮ್ಮ ಸಂಘ ಮಾಡಬೇಕಾದ ಒಂದು ಕೆಲಸ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಬೋರ್ಡೋ ದ್ರಾವಣದ ಬಗ್ಗೆ, ಕೊಳೆರೋಗದ ಬಗ್ಗೆ, ಕಾಫಿ ಗಿಡದ ಕಾಂಡಕೊರಕದ ಬಗ್ಗೆ, ಇಲ್ಲವೇ ಅಡಿಕೆ ಧಾರಣೆಯ ಏರಿಳಿತದ ಬಗ್ಗೆ. ಈ ಬಾರಿ ತೋಟ ಬಿಟ್ಟು ತೋಟದವರ ಮೈಯ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಗಿಡಕ್ಕೆ ರೋಗ ಬಂದರೆ ಆ ದಿನವೇ ಸಂಘದ ಕಚೇರಿಗೆ ಬಂದು ಎಲೆ ತೋರಿಸುವ ನಾವು, ನಮ್ಮ ಕೀಲು ಹಿಡಿದುಕೊಂಡರೆ ಮೂರು ವರ್ಷ ಸುಮ್ಮನಿರುತ್ತೇವೆ. ಈ ಉದಾಸೀನದಿಂದ ಆಗುತ್ತಿರುವ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ. ಆದರೆ ಅದು ಸಣ್ಣದೇನಲ್ಲ.

ಮಲೆನಾಡಿನಲ್ಲಿ ಕೀಲುನೋವು ಇಲ್ಲದ ಮನೆ ಯಾವುದು? ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕುಳಿತು ಅಡಿಕೆ ಸುಲಿದವರ ಮೊಣಕಾಲು, ಇಳಿಜಾರಿನಲ್ಲಿ ನಿಂತು ಕಾಫಿ ಕುಯ್ದವರ ಸೊಂಟ, ಮದ್ದಿನ ಡ್ರಮ್ಮು ಹೊತ್ತವರ ಭುಜ, ಎಲ್ಲವೂ ಐವತ್ತು ದಾಟುವುದರೊಳಗೆ ದೂರು ಹೇಳತೊಡಗುತ್ತವೆ. ನೋವು ಬಂತೆಂದರೆ ಕಾರಣವೂ ನಮ್ಮಲ್ಲಿ ಸಿದ್ಧವಾಗಿಯೇ ಇರುತ್ತದೆ. ಹಿರಿಯರು ವಾಯು ಎನ್ನುತ್ತಾರೆ. ನೆರೆಯವರು ಥಂಡಿ ಎನ್ನುತ್ತಾರೆ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದಲ್ಲೆಲ್ಲ ಹರಡಿ ತಿಂಗಳುಗಟ್ಟಲೆ ಜನರನ್ನು ಕುಂಟಿಸಿದ ಮೇಲಂತೂ ಯಾವ ಕೀಲು ನೋಯಲಿ, ಅದು ಆ ಜ್ವರದ ಉಳಿಕೆಯೇ ಎಂದು ತೀರ್ಮಾನಿಸುವವರು ಇಂದಿಗೂ ಇದ್ದಾರೆ. ಈ ಕಾರಣಗಳೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಇವುಗಳ ಗುಂಪಿನಲ್ಲಿ ಇನ್ನೊಂದು ಕಾರಣ ಅಡಗಿ ಕುಳಿತಿರುತ್ತದೆ. ಅದೇ ಥೈರಾಯ್ಡ್ ಗ್ರಂಥಿಯ ದೋಷ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಮೂರು ವರ್ಷಗಳ ಹಿಂದೆ ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ದೇಶಕಿಯೊಬ್ಬರು ಒಂದು ಸಲಹೆ ಇಟ್ಟರು. ಸದಸ್ಯರ ಮನೆಯ ಹೆಂಗಸರಲ್ಲಿ ಮೈಕೈ ನೋವು, ಆಯಾಸ ವಿಪರೀತವಾಗಿದೆ, ವರ್ಷಕ್ಕೊಂದು ದಿನವಾದರೂ ಸಂಘದ ವತಿಯಿಂದ ವೈದ್ಯರನ್ನು ಕರೆಸಿ ರಕ್ತಪರೀಕ್ಷೆ ಮಾಡಿಸಬೇಕು ಎಂದು. ಸಂಘ ಇರುವುದು ಗೊಬ್ಬರ, ಮದ್ದು, ಸಾಲ, ಮಾರಾಟಕ್ಕಾಗಿ, ಆಸ್ಪತ್ರೆ ನಡೆಸುವುದು ನಮ್ಮ ಕೆಲಸವಲ್ಲ ಎಂದು ನಾವೇ ಹೇಳಿದೆವು. ನಡವಳಿ ಪುಸ್ತಕದಲ್ಲಿ ನಮ್ಮ ಕೈಬರಹದಲ್ಲೇ 'ಮುಂದೆ ಪರಿಶೀಲಿಸಲಾಗುವುದು' ಎಂದು ಬರೆದು ಕೈತೊಳೆದುಕೊಂಡೆವು. ಆ ನಿರ್ದೇಶಕಿಯವರು ಮತ್ತೆ ಆ ಮಾತೆತ್ತಲಿಲ್ಲ.

ಆಗಲೇ ನಮ್ಮ ಮನೆಯವರಿಗೆ ಬೆಳಗ್ಗೆ ಎದ್ದಾಗ ಕೈಬೆರಳು ಮಡಚಲು ಕಷ್ಟವಾಗುತ್ತಿತ್ತು. ಭುಜ, ತೊಡೆಗಳಲ್ಲಿ ಭಾರ. ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಮೊಣಕಾಲಂತೂ ಮೊದಲಿನಿಂದಲೂ ತೊಂದರೆ ಕೊಡುತ್ತಿತ್ತು. ಲಕ್ಕಿ ಸೊಪ್ಪಿನ ಬಿಸಿನೀರು ಹಾಕಿದ್ದಾಯಿತು, ಮಹಾನಾರಾಯಣ ತೈಲ ತಿಕ್ಕಿದ್ದಾಯಿತು. ಪೇಟೆಗೆ ಹೋದಾಗಲೆಲ್ಲ ಔಷಧದಂಗಡಿಯಿಂದ ನೋವಿನ ಗುಳಿಗೆಯ ಪಟ್ಟಿ ತರುತ್ತಿದ್ದವರು ನಾವೇ. ಮೈ ಊದಿಕೊಂಡಿತು, ಧ್ವನಿ ದಪ್ಪವಾಯಿತು, ಆಷಾಢ ಕಳೆದರೂ ಶಾಲು ಬಿಡಲಿಲ್ಲ. ವಯಸ್ಸಾಯಿತು ಎಂದುಕೊಂಡೆವು. ಕೊನೆಗೆ ರಕ್ತದೊತ್ತಡ ಏರಿ, ಕಾಲಿಗೆ ನೀರು ತುಂಬಿ ಆಸ್ಪತ್ರೆಗೆ ಹೋದಾಗ, ಅಲ್ಲಿನ ವೈದ್ಯರು ಕೀಲು ಮುಟ್ಟುವ ಮೊದಲು ಕೊರಳು ಮುಟ್ಟಿ ನೋಡಿದರು. ಒಂದೇ ಒಂದು ರಕ್ತಪರೀಕ್ಷೆಯಲ್ಲಿ ವಿಷಯ ಬಯಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಬಾಲ್ಯದಿಂದ ಕೇಳುತ್ತ ಬಂದವರು ನಾವು. ಆದರೆ ನಮ್ಮ ಮನೆಯಲ್ಲೇ ನಾಲ್ಕು ವರ್ಷ ಬರೆ ಎಳೆಯುತ್ತಿದ್ದೆವೆಂದು ತಿಳಿಯಲಿಲ್ಲ.

ಥೈರಾಯ್ಡ್ ಎಂಬುದು ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಇರುವ ಒಂದು ಸಣ್ಣ ಗ್ರಂಥಿ. ಅದು ಸುರಿಸುವ ಥೈರಾಕ್ಸಿನ್ ಎಂಬ ರಸ ಇಡೀ ದೇಹದ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ರಸ ಕಡಿಮೆಯಾದರೆ ಎಲ್ಲವೂ ನಿಧಾನ: ನಾಡಿ ನಿಧಾನ, ಜೀರ್ಣ ನಿಧಾನ, ಯೋಚನೆಯೂ ನಿಧಾನ. ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು, ಮಂಕು, ಇವೆಲ್ಲ ಅದರ ಗುರುತುಗಳು. ಸ್ನಾಯುಗಳು ಬಿಗಿಯುತ್ತವೆ, ಸೆಳೆಯುತ್ತವೆ. ಕೀಲುಗಳಲ್ಲಿ ಬಾವು ಬರಬಹುದು. ಮಣಿಕಟ್ಟಿನ ಸಂದಿಯಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಭುಜ ಕಟ್ಟಿಹೋಗಿ ಕೈ ಮೇಲೆತ್ತಲಾಗದಂತೆಯೂ ಆಗಬಹುದು. ರಸ ಹೆಚ್ಚಾದರೆ ಇದಕ್ಕೆ ವಿರುದ್ಧ: ಮೈ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ತೊಡೆಯ ಬಲ ಕುಂದಿ ಮೆಟ್ಟಿಲು ಹತ್ತಲಾಗುವುದಿಲ್ಲ, ಎಲುಬು ಸವೆಯುತ್ತದೆ.

ಮಲೆನಾಡಿನಲ್ಲಿ ಈ ರೋಗ ಮರೆಯಾಗಿರಲು ಒಂದು ವಿಶೇಷ ಕಾರಣವಿದೆಯೆಂದು ನಮ್ಮ ಅಭಿಪ್ರಾಯ. ಇದರ ಗುರುತುಗಳೂ ನಮ್ಮ ಮಳೆಗಾಲದ ಗುರುತುಗಳೂ ಒಂದೇ. ಆಷಾಢದಲ್ಲಿ ಯಾರಿಗೆ ಚಳಿಯಾಗುವುದಿಲ್ಲ? ಯಾರ ಕೀಲು ಬಿಗಿಯುವುದಿಲ್ಲ? ಮೂರು ತಿಂಗಳು ಮನೆಯೊಳಗೆ ಕುಳಿತರೆ ಯಾರ ಮೈ ಭಾರವಾಗುವುದಿಲ್ಲ? ಆದ್ದರಿಂದ ಗಮನಿಸಬೇಕಾದದ್ದು ಮಳೆ ಬಿಟ್ಟ ಮೇಲೆ. ದೀಪಾವಳಿಯ ಬಿಸಿಲಿನಲ್ಲೂ ಕಂಬಳಿ ಬೇಕೆನಿಸಿದರೆ, ಕೊಯ್ಲಿನ ಹೊತ್ತಿಗೂ ಆಯಾಸ ಹೋಗದಿದ್ದರೆ, ಅದು ಋತುವಿನ ದೋಷವಲ್ಲ.

ಇದು ಹೊಸ ರೋಗವೂ ಅಲ್ಲ. ಗಳಗಂಡವನ್ನು ನಮ್ಮ ಹಿರಿಯರು ಬಲ್ಲರು. ಉಪ್ಪಿನಲ್ಲಿ ಅಯೋಡಿನ್ ಬೆರೆಸಿದರೆ ಅದು ತಗ್ಗುವುದೆಂದು 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡ ಆರಂಭಿಸಿದ ಪ್ರಯೋಗ ತೋರಿಸಿಕೊಟ್ಟಿತು. 1962ರಲ್ಲಿ ಭಾರತ ಸರಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಇಂದು ನಮ್ಮ ಮನೆಗಳಲ್ಲಿ ಕಾಣುವ ಥೈರಾಯ್ಡ್ ದೋಷಕ್ಕೆ ಬಹಳ ಮಟ್ಟಿಗೆ ಕಾರಣ ಉಪ್ಪಲ್ಲ. ದೇಹದ ರಕ್ಷಣಾಶಕ್ತಿಯೇ ಹಾದಿ ತಪ್ಪಿ ತನ್ನ ಗ್ರಂಥಿಯ ಮೇಲೆ ಬೀಳುವುದುಂಟು. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಇದನ್ನು ಮೊದಲು ವರ್ಣಿಸಿದ್ದರಿಂದ ಆ ರೋಗಕ್ಕೆ ಅವರದೇ ಹೆಸರು ನಿಂತಿದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಇಂಥವರು ಅಯೋಡಿನ್ ಉಪ್ಪನ್ನು ಎಂದಿನಂತೆ ಬಳಸಬೇಕು. ಹೆಚ್ಚು ತಿಂದರೆ ಗುಣವಾಗುತ್ತದೆಂಬುದು ತಪ್ಪು ತಿಳುವಳಿಕೆ, ಅತಿಯಾದ ಅಯೋಡಿನ್ ಕೇಡನ್ನೇ ಮಾಡಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಒತ್ತಿ ಹೇಳಬೇಕು. ನೋಯುವ ಕೀಲೆಲ್ಲ ಥೈರಾಯ್ಡಿನದಲ್ಲ. ಅಡಿಕೆ ಎಲೆ ಹಳದಿಯಾದದ್ದಕ್ಕೆಲ್ಲ ಒಂದೇ ಕಾರಣ ಹೇಳಲಾಗುವುದಿಲ್ಲ. ನೀರು ನಿಂತರೂ ಹಳದಿಯಾಗುತ್ತದೆ, ಸಾರ ಕಡಿಮೆಯಾದರೂ ಆಗುತ್ತದೆ, ಹಳದಿ ಎಲೆ ರೋಗ ಬಂದರೂ ಆಗುತ್ತದೆ. ಇದೂ ಹಾಗೆಯೇ. ಸವೆದ ಮೊಣಕಾಲು ನಡೆದಾಗ, ಮೆಟ್ಟಿಲಿಳಿದಾಗ ನೋಯುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ ಆಮವಾತವೆಂದು ಶಂಕಿಸಬೇಕು. ಅದಕ್ಕೆ ಬೇಗ ಚಿಕಿತ್ಸೆಯಾಗದಿದ್ದರೆ ಬೆರಳು ಸೊಟ್ಟಗಾಗುತ್ತವೆ. ಈ ಆಮವಾತವೂ ರಕ್ಷಣಾಶಕ್ತಿಯ ಹಾದಿ ತಪ್ಪಿದ ರೋಗವೇ ಆದ್ದರಿಂದ ಒಬ್ಬರಲ್ಲೇ ಇದೂ ಥೈರಾಯ್ಡ್ ದೋಷವೂ ಜೊತೆಯಾಗಿ ಕಾಣಿಸುವುದು ಅಪರೂಪವಲ್ಲ. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು.

ನಮ್ಮ ಸೀಮೆಯದೇ ಒಂದು ಪಾಠ ಇಲ್ಲಿದೆ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಕರೆಯುವ ಎಲುಬು ಕೀಲುಗಳ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂತು. ಸೊಂಟದ ಕೀಲು ಸವೆದು ನಡೆಯಲಾಗದೆ ನೆಲ ಹಿಡಿದವರು ಬಡ ಕೂಲಿ ಕುಟುಂಬದವರು. ಅದು ಪೀಳಿಗೆಯಿಂದ ಪೀಳಿಗೆಗೆ ಇಳಿದು ಬರುವ ರೋಗವೆಂದು ತಜ್ಞರು ಕಂಡುಕೊಂಡದ್ದು ಬಹುಕಾಲದ ಅಧ್ಯಯನದ ಮೇಲೆ. ಕೂಲಿಯವರ ನೋವು ಕೆಲಸದ ನೋವು ಎಂದು ತಳ್ಳಿಹಾಕಿದ್ದರೆ ಅದು ಎಂದೂ ಗೊತ್ತಾಗುತ್ತಿರಲಿಲ್ಲ.

ಇನ್ನು ನೋವಿನ ಗುಳಿಗೆಯ ವಿಚಾರ. ಡೈಕ್ಲೊಫೆನಾಕ್ ಎಂಬ ಹೆಸರು ನಮಗೆಲ್ಲ ಪರಿಚಿತ. ಹಿಂದೆ ಅದನ್ನು ದನಗಳಿಗೂ ಕೊಡುತ್ತಿದ್ದರು. ಅಂಥ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ದೇಶದಲ್ಲಿ ಅವುಗಳ ಸಂತತಿಯೇ ಅಳಿವಿನಂಚಿಗೆ ಬಂತು. 2006ರಲ್ಲಿ ದನಗಳ ಉಪಯೋಗಕ್ಕೆ ಅದರ ತಯಾರಿಕೆಯನ್ನು ಭಾರತ ಸರಕಾರ ನಿಷೇಧಿಸಬೇಕಾಯಿತು. ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ನಾಜೂಕಲ್ಲ, ನಿಜ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಅದು ಉಪಯುಕ್ತ ಔಷಧವೇ. ಆದರೆ ವರ್ಷಗಟ್ಟಲೆ ದಿನಕ್ಕೆರಡರಂತೆ ನುಂಗುವವರ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಸೋಲುತ್ತದೆ. ಅದಕ್ಕಿಂತ ಕೆಟ್ಟದ್ದು ಹೆಸರಿಲ್ಲದ ಪುಡಿಯ ಪೊಟ್ಟಣಗಳು. ಮೂರು ದಿನದಲ್ಲಿ ಎದ್ದು ಓಡಾಡುವಂತೆ ಮಾಡುವ ಇಂಥ ಪುಡಿಗಳಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಸೇರಿರುತ್ತದೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಬಹುದಿನ ತಿಂದು ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ತಿನ್ನುತ್ತಿರುವವರು ಅದನ್ನು ವೈದ್ಯರಿಗೆ ಮುಚ್ಚಿಡದೆ ತೋರಿಸಬೇಕು.

ಥೈರಾಯ್ಡ್ ಕೊರತೆಗೆ ಮದ್ದು ಸರಳವಾದದ್ದು, ದುಬಾರಿಯೂ ಅಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಗ್ರಂಥಿಯ ರಸವನ್ನು ಚುಚ್ಚಿ ರೋಗಿಯನ್ನು ಚೇತರಿಸಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಪ್ರತ್ಯೇಕಿಸಿದರು. ಇಂದು ಅದೇ ರಸ ಸಣ್ಣ ಗುಳಿಗೆಯ ರೂಪದಲ್ಲಿ ದೊರೆಯುತ್ತದೆ. ದೇಹ ತಾನೇ ಮಾಡಬೇಕಾದದ್ದನ್ನು ಹೊರಗಿನಿಂದ ತುಂಬಿಕೊಡುವುದಷ್ಟೇ ಅದರ ಕೆಲಸ. ಆದರೆ ಅದನ್ನು ತೆಗೆದುಕೊಳ್ಳುವ ಕ್ರಮದಲ್ಲಿ ಕಾಫಿ ಬೆಳೆಗಾರರಾದ ನಾವು ವಿಶೇಷವಾಗಿ ಎಡವುತ್ತೇವೆ. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ನಾವಾದರೋ ಎದ್ದೊಡನೆ ಬಿಸಿ ಕಾಫಿಯ ಲೋಟದೊಂದಿಗೇ ನುಂಗುತ್ತೇವೆ. ಕಾಫಿ ಈ ಗುಳಿಗೆಯನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆಂದು ಇಟಲಿಯ ವೈದ್ಯರು 2008ರಲ್ಲಿ ಪ್ರಕಟಿಸಿದ್ದಾರೆ. ಕಾಫಿಗೂ ಗುಳಿಗೆಗೂ ಒಂದು ಗಂಟೆಯ ಅಂತರವಿದ್ದರೆ ತೊಂದರೆಯಿಲ್ಲ. ನಾವು ಬೆಳೆದ ಬೆಳೆಯನ್ನು ನಾವೇ ದೂರಲಾರೆವು. ಒಂದು ಗಂಟೆ ಕಾಯಿರಿ ಎಂದಷ್ಟೇ ಹೇಳುತ್ತೇವೆ. ನಮ್ಮ ಮನೆಯಲ್ಲಿ ಈಗ ಗುಳಿಗೆ ಮೊದಲು, ಹಾಲು ಕರೆಯುವುದು ಆಮೇಲೆ, ಕಾಫಿ ಅದರ ನಂತರ.

ಇನ್ನು ಕೆಲವು ಸಂಗತಿಗಳು ನೆನಪಿನಲ್ಲಿರಲಿ. ಕೀಲುನೋವಿಗೆಂದು ಕೊಡುವ ಕ್ಯಾಲ್ಸಿಯಂ, ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಹೊಟ್ಟೆಯುರಿಯ ಮದ್ದು, ಇವನ್ನು ಥೈರಾಯ್ಡ್ ಗುಳಿಗೆಯೊಡನೆ ತೆಗೆದುಕೊಳ್ಳಬಾರದು. ನಾಲ್ಕು ಗಂಟೆಯ ಅಂತರ ಬೇಕು. ಎರಡೂ ಕಾಯಿಲೆ ಇರುವವರು ಮುಖ್ಯವಾಗಿ ಸೋಲುವುದು ಇಲ್ಲಿಯೇ. ಗುಳಿಗೆಯನ್ನು ಅದರ ಬಾಟಲಿಯಲ್ಲೇ ಮುಚ್ಚಿ ಒಣ ಜಾಗದಲ್ಲಿಡಬೇಕು. ಒಲೆಯ ಮೇಲಿನ ಗೂಡೂ ಬಚ್ಚಲಮನೆಯ ಗೋಡೆಯೂ ಅದಕ್ಕೆ ಸ್ಥಳವಲ್ಲ, ನಮ್ಮ ಮಳೆಗಾಲದ ತೇವವಂತೂ ಅದಕ್ಕೆ ಶತ್ರು. ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರ ಕಳೆದು ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬೇಕು, ಅದಕ್ಕೆ ಮೊದಲು ಮಾಡಿಸಿದರೆ ಸರಿಯಾದ ಚಿತ್ರ ಸಿಗದು. ನೋವು ಕಡಿಮೆಯಾಯಿತೆಂದು ಗುಳಿಗೆ ಬಿಡಬಾರದು. ಬೇಗ ತೆಳ್ಳಗಾಗಲೆಂದು ಎರಡು ನುಂಗಲೂಬಾರದು. ಹೆಚ್ಚಾದರೆ ಎದೆಬಡಿತ ತಪ್ಪುತ್ತದೆ, ಮುಟ್ಟು ನಿಂತ ಹೆಂಗಸರ ಎಲುಬು ಇನ್ನಷ್ಟು ಸವೆಯುತ್ತದೆ. ಬಸುರಿಯರು ಯಾವ ಕಾರಣಕ್ಕೂ ಬಿಡಬಾರದು. ಅವರಿಗೆ ಸಾಮಾನ್ಯವಾಗಿ ಹೆಚ್ಚು ಪ್ರಮಾಣವೇ ಬೇಕಾಗುತ್ತದೆ, ಆದ್ದರಿಂದ ತಿಂಗಳು ನಿಂತೊಡನೆ ವೈದ್ಯರಿಗೆ ತಿಳಿಸಬೇಕು. ಹೃದಯದ ತೊಂದರೆಯಿರುವವರಿಗೂ ಮುದುಕರಿಗೂ ಸಣ್ಣ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುವುದು ಕ್ರಮ.

ಫಲ ಏನು ಎಂದು ಕೇಳುವವರಿಗೆ ಉಳ್ಳದ್ದನ್ನು ಉಳ್ಳಂತೆ ಹೇಳುತ್ತೇವೆ. ನಮ್ಮ ಮನೆಯವರ ಬೆರಳ ಜೋಮು, ಭುಜದ ಭಾರ, ಮಂಕು, ಎಲ್ಲ ನಾಲ್ಕೈದು ತಿಂಗಳಲ್ಲಿ ಇಳಿದವು. ಮೊಣಕಾಲು ಮಾತ್ರ ಹಾಗೆಯೇ ಇದೆ. ಅದು ಸವೆದ ಕೀಲು, ಥೈರಾಯ್ಡ್ ಗುಳಿಗೆ ಅದನ್ನು ಹೊಸದು ಮಾಡಲಾರದು. ಅದಕ್ಕೆ ಬೇರೆಯೇ ಉಪಚಾರ: ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಸಮತಟ್ಟಿನಲ್ಲಿ ನಡಿಗೆ, ತೂಕ ಇಳಿಸುವುದು, ನೆಲದಲ್ಲಿ ಕುಕ್ಕರಗಾಲಲ್ಲಿ ಕೂರದಿರುವುದು. ಸುಲಿಯುವ ಜಾಗದಲ್ಲಿ ಎತ್ತರದ ಮಣೆ, ಬೆನ್ನಿಗೆ ಒರಗು, ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ, ಇವಕ್ಕೆ ಖರ್ಚಿಲ್ಲ. ಆಯಾಸ ಹೋದ ಮೇಲೆಯೇ ಅವರಿಗೆ ವ್ಯಾಯಾಮ ಮಾಡುವ ಶಕ್ತಿ ಬಂತು. ಒಂದು ಕಾಯಿಲೆ ಹತೋಟಿಗೆ ಬಂದದ್ದರಿಂದ ಇನ್ನೊಂದರ ಉಪಚಾರ ಸಾಧ್ಯವಾಯಿತು. ಎರಡನ್ನೂ ಜೊತೆಯಾಗಿ ನೋಡಬೇಕೆನ್ನುವುದು ಇದಕ್ಕೇ.

ಈಗ ಸಂಘದ ಮಾತಿಗೆ ಬರೋಣ. ಸಹಕಾರಿ ಸಂಘಗಳ ಸದಸ್ಯರಿಗಾಗಿಯೇ 2003ರಲ್ಲಿ ನಮ್ಮ ರಾಜ್ಯದಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. 2018ರಲ್ಲಿ ಅದು ನಿಂತು ಬೇರೆ ಯೋಜನೆಯಲ್ಲಿ ಸೇರಿತು, 2022-23ರ ಸಾಲಿನಲ್ಲಿ ಮತ್ತೆ ಜೀವ ಪಡೆಯಿತು. ಆರೋಗ್ಯ ಸಹಕಾರಿಗಳ ಕೆಲಸವಲ್ಲ ಎಂದ ನಮಗೆ ಅದೇ ಉತ್ತರ. ಆದರೆ ಅದರ ಮುಖ್ಯ ಉದ್ದೇಶ ಆಸ್ಪತ್ರೆ ಸೇರಿದವರ ಶಸ್ತ್ರಚಿಕಿತ್ಸೆ. ಕತ್ತಿಯಾಡುವ ಹಂತಕ್ಕೆ ಹೋಗದಂತೆ ತಡೆಯುವ ಸಣ್ಣ ಕೆಲಸ ನಾವೇ ಮಾಡಿಕೊಳ್ಳಬೇಕಾದದ್ದು.

ಸೆಪ್ಟೆಂಬರಿನ ಮಹಾಸಭೆಯ ಮುಂದೆ ನಾವು ಇಡಬೇಕೆಂದಿರುವ ಸಲಹೆ ಇಷ್ಟು. ಕೊಯ್ಲು ಆರಂಭವಾಗುವ ಮೊದಲು ವರ್ಷಕ್ಕೊಮ್ಮೆ ಸಂಘದ ಆವರಣದಲ್ಲಿ ವೈದ್ಯರ ತಪಾಸಣೆ ಏರ್ಪಡಿಸಬೇಕು. ಬಂದವರೆಲ್ಲರ ರಕ್ತ ತೆಗೆಯುವ ಮೇಳ ಇದಾಗಬಾರದು. ಟಿ.ಎಸ್.ಎಚ್. ತುಸು ಏರಿದ ಮಾತ್ರಕ್ಕೆ ಎಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ. ಕಾಗದದ ಮೇಲಿನ ಅಂಕಿ ನೋಡಿ ತಾವೇ ಮದ್ದು ಆರಂಭಿಸುವುದು ಇನ್ನೊಂದು ಅನಾಹುತ. ವೈದ್ಯರು ಮೊದಲು ನೋಡಿ, ಗುರುತುಗಳಿರುವವರಿಗೆ ಮಾತ್ರ ಪರೀಕ್ಷೆ ಬರೆಯಲಿ. ಆ ಪರೀಕ್ಷೆಯ ಖರ್ಚು ಸದಸ್ಯ ಕ್ಷೇಮನಿಧಿಯಿಂದ ಹೋಗಲಿ. ಎಂಟು ವಾರದ ನಂತರ ಮರುಪರೀಕ್ಷೆಗೂ ವ್ಯವಸ್ಥೆ ಇರಲಿ, ಇಲ್ಲದಿದ್ದರೆ ಮೊದಲನೆಯದು ವ್ಯರ್ಥ. ಮತ್ತು ಇದು ಸದಸ್ಯರಿಗಷ್ಟೇ ಅಲ್ಲದೆ, ಸದಸ್ಯರ ತೋಟದಲ್ಲಿ ದುಡಿಯುವವರಿಗೂ ಇರಬೇಕು. ನಮ್ಮ ಕಾಫಿ ಕುಯ್ಯುವ ಕೈ, ನಮ್ಮ ಅಡಿಕೆ ಸುಲಿಯುವ ಕೈ ಅವರದು. ನಿಧಿ ಸದಸ್ಯರದ್ದು, ಹೊರಗಿನವರಿಗೆ ಏಕೆ ಎಂಬ ಆಕ್ಷೇಪಣೆ ಬರುತ್ತದೆಂದು ಬಲ್ಲೆವು. ಆಕ್ಷೇಪಿಸುವವರು ಕಳೆದ ಸುಗ್ಗಿಯಲ್ಲಿ ಆಳು ಸಿಗದೆ ಗಿಡದಲ್ಲೇ ಒಣಗಿದ ಹಣ್ಣಿನ ಲೆಕ್ಕವನ್ನೊಮ್ಮೆ ಮಾಡಿ ನೋಡಲಿ. ಲೆಕ್ಕವನ್ನು ಬದಿಗಿಟ್ಟು ನೋಡಿದರೂ, ಜೊತೆಗೆ ದುಡಿದವರ ನೋವು ಕೇಳದ ಸಹಕಾರ ಎಂಥ ಸಹಕಾರ?

ಮಣ್ಣು ಪರೀಕ್ಷೆಗೆ ಕಳಿಸಿ, ಹುಳಿ ಎಷ್ಟಿದೆ ನೋಡಿ ಸುಣ್ಣ ಹಾಕುವುದನ್ನು ನಮ್ಮ ಸದಸ್ಯರು ಈ ಸಂಘದಲ್ಲೇ ಕಲಿತರು. ಮೊದಮೊದಲು ಅದಕ್ಕೂ ನಕ್ಕವರಿದ್ದರು. ಈಗ ಪರೀಕ್ಷೆಯಿಲ್ಲದೆ ಸುಣ್ಣ ಸುರಿಯುವವರು ಕಡಿಮೆ. ಮೈಗೂ ಅದೇ ನ್ಯಾಯ ಸಲ್ಲಬೇಕು.

ಮೂರು ವರ್ಷದ ಹಿಂದೆ ಸಲಹೆ ಕೊಟ್ಟ ನಿರ್ದೇಶಕಿಯವರನ್ನು ಮೊನ್ನೆ ಕಂಡು, ಈ ಸಲಹೆಯನ್ನು ತಾವೇ ಮಂಡಿಸಬೇಕೆಂದು ಕೇಳಿಕೊಂಡಿದ್ದೇವೆ. ಅವರು ಒಪ್ಪಿದ್ದಾರೆ. ಅನುಮೋದನೆ ನಮ್ಮದು. ನಡವಳಿಯಲ್ಲಿ ಈ ಬಾರಿ 'ಪರಿಶೀಲಿಸಲಾಗುವುದು' ಎಂದು ಬರೆಯುವ ಪ್ರಸಂಗ ಬರದಂತೆ ಸದಸ್ಯ ಬಾಂಧವರು ಹೆಚ್ಚಿನ ಸಂಖ್ಯೆಯಲ್ಲಿ ಬಂದು ಕೈ ಎತ್ತಬೇಕೆಂದು ಕೋರುತ್ತೇವೆ. ಭುಜ ನೋವಿನಿಂದ ಕೈ ಎತ್ತಲಾಗದವರು ಬಾಯಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳುತ್ತೇವೆ.

ಕಾರ್ಯದರ್ಶಿ